ಹಸಿವೆಲ್ಲ ಉಪವಾಸವಲ್ಲ

ಚತುರ್ದಶಿಯ ದಿನ ಚತುರ್ವಿಧ ಆಹಾರವನ್ನು ತ್ಯಜಿಸಿದ ಶ್ರಾವಿಕೆಯ ಹೊಟ್ಟೆಯೂ, ಇಕ್ಕುವವರಿಲ್ಲದೆ ಹಾಗೆಯೇ ಮಲಗಿದ ಹೆಣ್ಣುಮಗಳ ಹೊಟ್ಟೆಯೂ ಹೊರಗಿನವರ ಕಣ್ಣಿಗೆ ಒಂದೇ ಬಗೆಯಾಗಿ ತೋರುತ್ತವೆ. ಇಬ್ಬರಲ್ಲಿಯೂ ಹಸಿವಿದೆ, ಇಬ್ಬರಲ್ಲಿಯೂ ಬಳಲಿಕೆಯಿದೆ, ಇಬ್ಬರೂ ಮೌನವಾಗಿರಬಹುದು. ಆದರೂ ಒಂದನ್ನು ವ್ರತವೆಂದೂ ಇನ್ನೊಂದನ್ನು ಹಿಂಸೆಯೆಂದೂ ಕರೆಯುತ್ತೇವೆ. ಭೇದವಿರುವುದು ಅನ್ನದಲ್ಲಿ ಅಲ್ಲ, ಇಚ್ಛೆಯಲ್ಲಿ. ತಾನಾಗಿ, ಅರಿತು, ಕಾಲದ ಮರ್ಯಾದೆಯನ್ನು ಗೊತ್ತುಮಾಡಿಕೊಂಡು ಪ್ರತ್ಯಾಖ್ಯಾನವನ್ನು ಸ್ವೀಕರಿಸಿದಾಗ ಹಸಿವು ಉಪವಾಸವಾಗುತ್ತದೆ. ಪರರು ತಟ್ಟೆಯನ್ನು ಕಸಿದುಕೊಂಡುದರಿಂದ ಬಂದ ಹಸಿವಿಗೆ ಪಾರಣೆಯ ದಿನವೆಂಬುದೇ ಇಲ್ಲ.

ಈ ಸುಲಭವಾದ ಭೇದವನ್ನು ಅನ್ನದ ವಿಷಯದಲ್ಲಿ ಒಪ್ಪುವ ನಾವು, ಮನೆಯೊಳಗೆ ಗಂಡನಿಂದಲೋ ಮನೆಯವರಿಂದಲೋ ಹೆಣ್ಣು ಅನುಭವಿಸುವ ನೋವಿನ ವಿಷಯದಲ್ಲಿ ಏಕೆ ಮರೆತುಬಿಡುತ್ತೇವೆ ಎಂಬುದೇ ಪ್ರಸ್ತುತ ಲೇಖನದ ವಿಚಾರ. ಪೆಟ್ಟು ತಿಂದೂ ಸುಮ್ಮನಿರುವವಳನ್ನು ಕ್ಷಮಾಶೀಲೆ ಎನ್ನುತ್ತೇವೆ. ಬೈಗುಳಕ್ಕೆ ತಲೆತಗ್ಗಿಸಿ ನಿಂತವಳನ್ನು ವಿನಯವಂತೆ ಎನ್ನುತ್ತೇವೆ. ಆಕೆಯ ಮೌನವು ಕ್ಷಮೆಯಿಂದ ಹುಟ್ಟಿತೋ ಭಯದಿಂದ ಹುಟ್ಟಿತೋ ಎಂದು ಪರೀಕ್ಷಿಸುವ ಗೋಜಿಗೆ ಹೋಗುವುದಿಲ್ಲ. ಗುರುತಿಸದ ರೋಗಕ್ಕೆ ಮದ್ದಿಲ್ಲವಷ್ಟೆ. ಆದುದರಿಂದ ಮೊದಲು ಗುರುತಿಸುವ ಬಗೆಯನ್ನು ತಿಳಿಯೋಣ.

ಇದು ಎಲ್ಲೋ ಕೆಲವು ಮನೆಗಳ ಮಾತು ಎಂದು ಯಾರೂ ಸಮಾಧಾನಪಟ್ಟುಕೊಳ್ಳುವಂತಿಲ್ಲ. ೨೦೧೯–೨೧ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ೧೮ರಿಂದ ೪೯ ವರ್ಷದೊಳಗಿನ ವಿವಾಹಿತ ಸ್ತ್ರೀಯರಲ್ಲಿ ಪತಿಯಿಂದ ಹಿಂಸೆಯನ್ನು ಅನುಭವಿಸಿದವರು ಇಡೀ ದೇಶದಲ್ಲಿ ನೂರಕ್ಕೆ ೨೯.೩ ಮಂದಿ, ನಮ್ಮ ಕರ್ನಾಟಕದಲ್ಲಿ ನೂರಕ್ಕೆ ೪೪.೪ ಮಂದಿ. ಅದೇ ಸಮೀಕ್ಷೆಯಲ್ಲಿ, ಯಾವುದಾದರೊಂದು ಕಾರಣಕ್ಕೆ ಗಂಡನು ಹೆಂಡತಿಯನ್ನು ಹೊಡೆಯುವುದು ಸರಿಯೆಂದು ಕರ್ನಾಟಕದ ಪುರುಷರಲ್ಲಿ ನೂರಕ್ಕೆ ೮೧.೯ ಮಂದಿ ಹೇಳಿದರು. ಸ್ತ್ರೀಯರಲ್ಲಿಯೂ ನೂರಕ್ಕೆ ೭೬.೯ ಮಂದಿ ಹಾಗೆಯೇ ಹೇಳಿದರು. ದೇಶದಲ್ಲಿ ಇಂತಹ ಹಿಂಸೆಗೆ ಒಳಗಾದವರ ಪೈಕಿ ಸಹಾಯವನ್ನು ಬೇಡಿದವರು ನೂರಕ್ಕೆ ೧೪ ಮಂದಿ ಮಾತ್ರ. ಈ ಅಂಕಿಗಳು ಎಲ್ಲ ಜಾತಿಮತಗಳವರನ್ನೂ ಒಳಗೊಂಡವು. ಇರುವೆಗೆ ನೋವಾಗದಂತೆ ನೆಲ ನೋಡಿ ನಡೆಯಬೇಕೆಂದು ಕಲಿತ ಸಮಾಜವು ಈ ಲೆಕ್ಕಕ್ಕೆ ಹೊರಗಾದುದೆಂದು ಭಾವಿಸಲು ಯಾವ ಆಧಾರವೂ ಇಲ್ಲ.

ಹಿಂಸೆ ಎಂದೊಡನೆ ಜನರು ರಕ್ತವನ್ನು ಹುಡುಕುತ್ತಾರೆ. ಶಾಸ್ತ್ರವು ಹಾಗೆ ಹುಡುಕಲಿಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಆಚಾರ್ಯ ಉಮಾಸ್ವಾಮಿಗಳು ಪ್ರಮಾದದಿಂದ ಕೂಡಿದ ಮನೋವಾಕ್ಕಾಯಗಳ ವ್ಯಾಪಾರದಿಂದ ಪ್ರಾಣಗಳಿಗಾಗುವ ಘಾತವೇ ಹಿಂಸೆಯೆಂದು ಅದರ ಲಕ್ಷಣವನ್ನು ನಿರೂಪಿಸಿದ್ದಾರೆ. ಪ್ರಾಣವೆಂದರೆ ಉಸಿರು ಮಾತ್ರವಲ್ಲ. ಐದು ಇಂದ್ರಿಯಗಳು, ಮನೋಬಲ, ವಚನಬಲ, ಕಾಯಬಲ, ಶ್ವಾಸೋಚ್ಛ್ವಾಸ, ಆಯು ಎಂದು ಪ್ರಾಣಗಳು ಹತ್ತು. ಹೀಗಿರಲು, ಮನೆಯಲ್ಲಿ ತನ್ನ ಅಭಿಪ್ರಾಯವನ್ನು ಬಾಯಿಬಿಟ್ಟು ಹೇಳುವ ಶಕ್ತಿಯನ್ನೇ ಕಳೆದುಕೊಂಡ ಗೃಹಿಣಿಯ ವಚನಬಲಕ್ಕೆ ಘಾತವಾಗಿದೆ. ದಿನವೂ ‘ನೀನು ಯಾವುದಕ್ಕೂ ಬಾರದವಳು’ ಎಂದು ಕೇಳಿಕೇಳಿ, ಕೊನೆಗೆ ತಾನೂ ಅದನ್ನೇ ನಂಬಿದವಳ ಮನೋಬಲಕ್ಕೆ ಘಾತವಾಗಿದೆ. ಅವಳ ಮೈಮೇಲೆ ಒಂದು ಗಾಯವೂ ಇಲ್ಲದಿರಬಹುದು. ಆದರೂ ಹತ್ತರಲ್ಲಿ ಎರಡು ಪ್ರಾಣಗಳು ನೊಂದಿವೆ. ಅದೇ ಗ್ರಂಥದ ಆರನೆಯ ಅಧ್ಯಾಯವು ಅಸಾತಾವೇದನೀಯ ಕರ್ಮದ ಆಸ್ರವಕ್ಕೆ ಕಾರಣಗಳನ್ನು ಎಣಿಸುವಾಗ ದುಃಖ, ಶೋಕ, ತಾಪ, ಆಕ್ರಂದನ, ವಧ, ಪರಿದೇವನ ಎಂದು ಆರನ್ನೂ ಒಂದೇ ಸಾಲಿನಲ್ಲಿ ಇರಿಸಿದೆ. ಒಬ್ಬರನ್ನು ಅಳಿಸುವುದು ಹೊಡೆಯುವುದರ ಪಕ್ಕದಲ್ಲಿಯೇ ನಿಂತಿದೆ.

ಜನ್ನಕವಿಯು ೧೨೦೯ರಲ್ಲಿ ರಚಿಸಿದ ಯಶೋಧರ ಚರಿತೆಯ ಕಥೆ ವಾಚಕರಿಗೆ ತಿಳಿದದ್ದೇ. ಹಿಟ್ಟಿನ ಕೋಳಿಯನ್ನು ಬಲಿಗೊಟ್ಟ ಪಾಪಕ್ಕೆ ತಾಯಿಮಗ ಇಬ್ಬರೂ ಭವಭವಗಳಲ್ಲಿ ತೊಳಲಿದರು. ಅಲ್ಲಿ ಜೀವವೇ ಇರಲಿಲ್ಲ. ಇದ್ದದ್ದು ಕೊಲ್ಲುವ ಸಂಕಲ್ಪ. ಸಂಕಲ್ಪಮಾತ್ರಕ್ಕೆ ಅಷ್ಟು ಫಲವೆಂದ ಮೇಲೆ, ಎತ್ತಿದ ಕೈಯನ್ನು ಕೆಳಗಿಳಿಸಿ ‘ಹೊಡೆಯಲಿಲ್ಲವಲ್ಲ’ ಎನ್ನುವವನ ವಾದಕ್ಕೆ ನಮ್ಮಲ್ಲಿ ಎಡೆಯಿಲ್ಲ. ಎತ್ತಿದ ಕೈಯೇ ಆಕೆಯನ್ನು ನಡುಗಿಸಲು ಸಾಕು. ನಡುಗಿಸಬೇಕೆಂಬುದೇ ಅವನ ಸಂಕಲ್ಪವಾಗಿತ್ತು.

ಇನ್ನು ಗುರುತುಗಳನ್ನು ವಿವರವಾಗಿ ನೋಡೋಣ. ಅಹಿಂಸಾಣುವ್ರತಕ್ಕೆ ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ ಎಂದು ಐದು ಅತಿಚಾರಗಳು. ಪಾಠಶಾಲೆಗಳಲ್ಲಿ ಇವನ್ನು ಸಾಮಾನ್ಯವಾಗಿ ದನಕರುಗಳ ದೃಷ್ಟಾಂತದಿಂದ ವಿವರಿಸುವುದು ವಾಡಿಕೆ: ಎತ್ತನ್ನು ಬಿಗಿಯಾಗಿ ಕಟ್ಟಬಾರದು, ಚಾಟಿಯಿಂದ ಹೊಡೆಯಬಾರದು, ಮೂಗು ಕಿವಿಗಳನ್ನು ಕತ್ತರಿಸಬಾರದು, ಹೊರಲಾರದ ಹೊರೆ ಹೇರಬಾರದು, ಹೊತ್ತಿಗೆ ಮೇವು ನೀರನ್ನು ತಪ್ಪಿಸಬಾರದು. ಎತ್ತಿಗೆ ಸಲ್ಲದ ನಡತೆಯು ಅಗ್ನಿಸಾಕ್ಷಿಯಾಗಿ ಕೈಹಿಡಿದವಳಿಗೆ ಸಲ್ಲುವುದೆಂದು ಯಾವ ಆಚಾರ್ಯರೂ ಹೇಳಲಿಲ್ಲ.

ಬಂಧವೆಂದರೆ ಹಗ್ಗವೇ ಆಗಬೇಕಾಗಿಲ್ಲ. ತವರಿಗೆ ಹೋಗಬಾರದು, ಅಕ್ಕತಂಗಿಯರೊಡನೆ ಮಾತನಾಡಬಾರದು, ಬಸದಿಗೆ ಹೋದರೂ ಇಂತಿಷ್ಟೇ ಹೊತ್ತಿಗೆ ಮರಳಬೇಕು ಎಂಬ ಕಟ್ಟಳೆಗಳು. ಫೋನನ್ನು ಕಸಿದುಕೊಳ್ಳುವುದು, ಅದರಲ್ಲಿ ಯಾರೊಡನೆ ಮಾತನಾಡಿದಳೆಂದು ದಿನವೂ ತಪಾಸಣೆ ಮಾಡುವುದು. ಹೊರಗಿನಿಂದ ಬೀಗ ಹಾಕಿಕೊಂಡು ಹೋಗುವುದು: ಇವೆಲ್ಲ ಬಂಧವೇ. ವಧವೆಂದರೆ ಈ ಸಂದರ್ಭದಲ್ಲಿ ಕೊಲೆಯಲ್ಲ, ಹೊಡೆತ. ಕೆನ್ನೆಗೆ ಬಿಟ್ಟ ಏಟು, ಜಡೆ ಹಿಡಿದು ಎಳೆಯುವುದು, ದೂಡುವುದು, ಕುತ್ತಿಗೆ ಅದುಮುವುದು ಇವು ಅದರಲ್ಲಿ ಸೇರುತ್ತವೆ. ಇವುಗಳಲ್ಲಿ ಕುತ್ತಿಗೆಗೆ ಕೈಹಾಕುವುದು ಪ್ರಾಣಾಪಾಯದ ಮುನ್ಸೂಚನೆಯೆಂದು ಬಲ್ಲವರು ವಿಶೇಷವಾಗಿ ಎಚ್ಚರಿಸುತ್ತಾರೆ. ಛೇದವು ಮೂಲಾರ್ಥದಲ್ಲಿ ಅವಯವಗಳನ್ನು ಕತ್ತರಿಸುವುದು. ಓದುತ್ತಿದ್ದವಳ ಓದನ್ನು, ದುಡಿಯುತ್ತಿದ್ದವಳ ಉದ್ಯೋಗವನ್ನು, ತಾಯಿಯಾದವಳಿಂದ ಮಕ್ಕಳನ್ನು ಕತ್ತರಿಸಿ ತೆಗೆಯುವುದೂ ಅದೇ ಜಾತಿಗೆ ಸೇರಿದ್ದು. ಮೈಯಲ್ಲಿ ಶಕ್ತಿಯಿಲ್ಲದಾಗಲೂ, ಬಾಣಂತಿಯಾಗಿದ್ದಾಗಲೂ ದುಡಿಸಿಕೊಳ್ಳುವುದು, ತವರಿನಿಂದ ಹಣ ತರಬೇಕೆಂದು ಪೀಡಿಸುವುದು ಅತಿಭಾರಾರೋಪಣ. ಎಲ್ಲರೂ ಉಂಡು ಮಿಕ್ಕಿದ್ದನ್ನಷ್ಟೇ ಉಣಬೇಕೆನ್ನುವುದು, ಮನೆಖರ್ಚಿಗೆ ಹಣ ಕೊಡದಿರುವುದು, ಔಷಧಕ್ಕೆ ಕಾಸು ಬಿಚ್ಚದಿರುವುದು, ಆಕೆಯ ಸಂಬಳದ ಎ.ಟಿ.ಎಂ. ಕಾರ್ಡನ್ನು ತಾನೇ ಇಟ್ಟುಕೊಳ್ಳುವುದು ಅನ್ನಪಾನನಿರೋಧ. ಆಕೆಯ ಒಡವೆಯನ್ನು ಆಕೆಯನ್ನು ಕೇಳದೆ ಅಡವಿಟ್ಟರೆ ಅದರೊಡನೆ ಅಚೌರ್ಯವ್ರತದ ಭಂಗವೂ ಆಯಿತು. ಕೊಡದುದನ್ನು ತೆಗೆದುಕೊಂಡವನಿಗೆ ಪತಿಯೆಂಬ ಹೆಸರು ರಕ್ಷೆಯಾಗದು. ಹಾಗೆಯೇ ಸ್ವದಾರಸಂತೋಷವೆಂಬುದು ಪತಿಯ ಚಿತ್ತಕ್ಕೆ ಹಾಕಿದ ಮೇರೆಯೇ ಹೊರತು, ಪತ್ನಿಯ ಒಪ್ಪಿಗೆಯಿಲ್ಲದೆ ಆಕೆಯ ದೇಹದ ಮೇಲೆ ನಡೆಸುವ ಬಲಾತ್ಕಾರಕ್ಕೆ ಬರೆದುಕೊಟ್ಟ ಹಕ್ಕುಪತ್ರವಲ್ಲ.

ನಮ್ಮ ದೇಶದ ಕಾಯಿದೆಯೂ ಬಹುಮಟ್ಟಿಗೆ ಇದೇ ದಾರಿಯಲ್ಲಿ ನಡೆದಿರುವುದು ಗಮನಾರ್ಹ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಅಧಿನಿಯಮವು ೨೦೦೫ರಲ್ಲಿ ಅಂಗೀಕೃತವಾಗಿ, ೨೦೦೬ರ ಅಕ್ಟೋಬರ್ ೨೬ರಂದು ಜಾರಿಗೆ ಬಂದಿತು. ಅದರ ಮೂರನೆಯ ಪ್ರಕರಣವು ದೈಹಿಕ, ಲೈಂಗಿಕ, ಮಾತಿನ ಹಾಗೂ ಭಾವನಾತ್ಮಕ, ಆರ್ಥಿಕ ಎಂಬ ಎಲ್ಲ ಬಗೆಯ ಪೀಡನೆಗಳನ್ನೂ ದೌರ್ಜನ್ಯವೆಂದೇ ಪರಿಗಣಿಸುತ್ತದೆ. ಗಾಯವಿದ್ದರೆ ಮಾತ್ರ ದೂರು ಎಂಬ ಹಳೆಯ ಕಲ್ಪನೆಗೆ ಅಲ್ಲಿ ಸ್ಥಾನವಿಲ್ಲ. ಪತ್ನಿಗೆ ಮಾತ್ರವಲ್ಲದೆ, ಅದೇ ಮನೆಯಲ್ಲಿರುವ ತಾಯಿ, ಸೋದರಿ, ವಿಧವೆಯಾದ ಸೊಸೆ ಮುಂತಾದವರಿಗೂ ಅದರ ರಕ್ಷಣೆಯುಂಟು.

ಇಲ್ಲಿ ವಿವೇಕಿಗಳಾದ ವಾಚಕರು ಒಂದು ಶಂಕೆಯನ್ನು ಎತ್ತಬಹುದು. ಗಂಡಹೆಂಡಿರ ಜಗಳ ಎಲ್ಲಿಲ್ಲ? ಒಂದು ಬಿರುನುಡಿಯನ್ನೆಲ್ಲ ಹಿಂಸೆಯೆಂದರೆ ಸಂಸಾರ ನಡೆಯುವುದು ಹೇಗೆ? ಶಂಕೆ ಯುಕ್ತವೇ. ಸಂಸಾರದಲ್ಲಿ ಭಿನ್ನಾಭಿಪ್ರಾಯವುಂಟು, ಕೋಪವುಂಟು, ಮುನಿಸುಂಟು. ಆದರೆ ಜಗಳಕ್ಕೂ ಹಿಂಸೆಗೂ ಅಂತರವನ್ನು ತಿಳಿಯಲು ಮೂರು ಪ್ರಶ್ನೆಗಳು ಸಾಕು. ಮೊದಲನೆಯದು: ಇಬ್ಬರೂ ಸಮನಾಗಿ ಮಾತನಾಡಬಲ್ಲರೆ, ಅಥವಾ ಒಬ್ಬರು ಮಾತನಾಡಿದರೆ ಇನ್ನೊಬ್ಬರು ನಡುಗುವರೆ? ಎರಡನೆಯದು: ಜಗಳವು ಒಂದು ವಿಷಯವನ್ನು ಕುರಿತದ್ದೆ, ಅಥವಾ ವಿಷಯ ಯಾವುದಾದರೂ ಕೊನೆಗೆ ಒಬ್ಬರ ಹಿಡಿತವೇ ಮತ್ತೆಮತ್ತೆ ಬಿಗಿಯಾಗುತ್ತಿದೆಯೆ? ಮೂರನೆಯದು: ಜಗಳ ಮುಗಿದ ಮೇಲೆ ಇಬ್ಬರೂ ತಮ್ಮ ತಮ್ಮ ಕೆಲಸಕ್ಕೆ ನಿರ್ಭಯವಾಗಿ ಹೋಗುವರೆ, ಅಥವಾ ಒಬ್ಬರು ಇನ್ನೊಬ್ಬರ ಹೆಜ್ಜೆಯ ಸಪ್ಪಳಕ್ಕೆ ಕಿವಿಗೊಟ್ಟು ಬದುಕುವರೆ? ಭಯವೇ ಇಲ್ಲಿಯ ಒರೆಗಲ್ಲು. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಗೊಣಗುವುದು ಸಂಸಾರ; ಉಪ್ಪು ಹೆಚ್ಚಾದೀತೆಂದು ಒಬ್ಬಳ ಕೈ ನಡುಗುತ್ತಿದ್ದರೆ ಅದು ಸಂಸಾರವಲ್ಲ.

ಹಿಂಸೆಯನ್ನು ಗುರುತಿಸದಂತೆ ತಡೆಯುವ ಮತ್ತೊಂದು ಸಂಗತಿಯಿದೆ. ಹೊಡೆದವನು ಮರುದಿನ ಕಣ್ಣೀರಿಡುತ್ತಾನೆ, ಕಾಲು ಹಿಡಿಯುತ್ತಾನೆ, ಸೀರೆ ತರುತ್ತಾನೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಲೆನೋರ್ ವಾಕರ್ ಅವರು ೧೯೭೯ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ನಡೆಯನ್ನು ಒಂದು ಚಕ್ರವೆಂದು ವರ್ಣಿಸಿದರು: ಮೊದಲು ಬಿಗುವು ಏರುತ್ತದೆ, ಅನಂತರ ಸಿಡಿಲಿನಂತೆ ಹಿಂಸೆ ಎರಗುತ್ತದೆ, ಬಳಿಕ ಪಶ್ಚಾತ್ತಾಪದ ಸಿಹಿ ದಿನಗಳು ಬರುತ್ತವೆ; ಮತ್ತೆ ಬಿಗುವು. ಎಲ್ಲ ಮನೆಗಳಲ್ಲಿಯೂ ಇದೇ ಕ್ರಮ ಇರಬೇಕೆಂದಿಲ್ಲ. ಕೆಲವೆಡೆ ಸಿಹಿ ದಿನಗಳು ಬರುವುದೇ ಇಲ್ಲ. ಆದರೆ ಇದ್ದೆಡೆಯಲ್ಲಿ ಆ ದಿನಗಳೇ ಹೆಣ್ಣನ್ನು ಕಟ್ಟಿಹಾಕುವ ಹಗ್ಗ. ಪ್ರತಿಕ್ರಮಣದ ಅಭ್ಯಾಸವಿರುವ ನಮಗೆ ಇದನ್ನು ತಿಳಿಯುವುದು ಕಷ್ಟವಲ್ಲ. ಹಿಂದಿನ ದೋಷಕ್ಕೆ ಪ್ರತಿಕ್ರಮಣ, ಮುಂದಿನ ದೋಷಕ್ಕೆ ಪ್ರತ್ಯಾಖ್ಯಾನ. ಎರಡೂ ಜೊತೆಯಲ್ಲಿ ನಡೆಯಬೇಕು. ಮುಂದೆ ಮಾಡೆನೆಂಬ ದೃಢನಿಶ್ಚಯವೂ, ಅದಕ್ಕೆ ತಕ್ಕ ನಡತೆಯೂ ಇಲ್ಲದೆ ಪ್ರತಿವರ್ಷ ಕ್ಷಮಾವಾಣಿಯಂದು ಕೈಜೋಡಿಸುವವನು ಕ್ಷಮೆಯನ್ನು ಕೇಳುತ್ತಿಲ್ಲ. ಮುಂದಿನ ಏಟಿಗೆ ಅನುಮತಿಯನ್ನು ಪಡೆಯುತ್ತಿದ್ದಾನೆ.

ಈಗ ಅತ್ಯಂತ ಸೂಕ್ಷ್ಮವಾದ ಪ್ರಶ್ನೆಗೆ ಬರೋಣ. ‘ಪೂರ್ವಕರ್ಮದ ಫಲ, ಸಹಿಸಿದರೆ ನಿರ್ಜರೆಯಾಗುತ್ತದೆ’ ಎಂದು ನೊಂದ ಹೆಣ್ಣಿಗೆ ಉಪದೇಶಿಸುವ ಹಿರಿಯರು ನಮ್ಮಲ್ಲಿ ಇಂದಿಗೂ ಇದ್ದಾರೆ. ಅವರ ಸದುದ್ದೇಶವನ್ನು ಸಂದೇಹಿಸಬೇಕಾಗಿಲ್ಲ. ಅವರ ಸಿದ್ಧಾಂತವನ್ನು ಮಾತ್ರ ಪರೀಕ್ಷಿಸಬೇಕು. ಬಲವಂತದಿಂದ ಒದಗಿದ ಹಸಿವು ನೀರಡಿಕೆಗಳನ್ನು ಸಹಿಸುವುದರಿಂದಲೂ ಒಂದು ಬಗೆಯ ನಿರ್ಜರೆಯುಂಟೆಂಬುದು ನಿಜ. ಆದರೆ ಶಾಸ್ತ್ರಕಾರರು ಅದಕ್ಕೆ ತಪಸ್ಸೆಂಬ ಹೆಸರನ್ನು ಕೊಡದೆ ಅಕಾಮನಿರ್ಜರೆ ಎಂಬ ಬೇರೆಯ ಹೆಸರನ್ನೇ ಕೊಟ್ಟರು. ಸರ್ವಾರ್ಥಸಿದ್ಧಿಯಲ್ಲಿ ಪೂಜ್ಯಪಾದಾಚಾರ್ಯರು ಅದಕ್ಕೆ ಕೊಟ್ಟ ದೃಷ್ಟಾಂತವು ಯಾರದು? ವ್ರತಿಯದಲ್ಲ, ಸೆರೆಯಲ್ಲಿ ಕೂಡಿಹಾಕಲ್ಪಟ್ಟವನದು. ಈ ದೃಷ್ಟಾಂತವನ್ನು ವಾಚಕರು ನಿಧಾನವಾಗಿ ಮನನ ಮಾಡಬೇಕು. ಮನೆಯಲ್ಲಿ ಭಯದಿಂದ ಸಹಿಸುತ್ತಿರುವ ಹೆಣ್ಣಿಗೆ ‘ನಿನಗೆ ನಿರ್ಜರೆಯಾಗುತ್ತಿದೆ’ ಎನ್ನುವವರು, ಆ ಮನೆ ಸೆರೆಮನೆಯೆಂದು ತಾವೇ ಒಪ್ಪಿಕೊಂಡಂತಾಯಿತು. ಸೆರೆಯಾದವರಿಗೆ ನಿರ್ಜರೆಯಾದೀತೆಂದು ಸೆರೆಹಾಕಿದವನಿಗೆ ಪುಣ್ಯ ಬರುವುದಿಲ್ಲ. ಸೆರೆಯ ಬಾಗಿಲನ್ನು ತೆರೆಯಬಾರದೆಂದೂ ಆಗುವುದಿಲ್ಲ. ಜ್ವರವೂ ಅಸಾತಾಕರ್ಮದ ಉದಯವೇ. ಆದರೂ ವೈದ್ಯರನ್ನು ಕರೆಸುತ್ತೇವೆ, ರೋಗಿಗೆ ಔಷಧದಾನ ಮಾಡುವುದನ್ನು ಶ್ರಾವಕನ ಕರ್ತವ್ಯವೆನ್ನುತ್ತೇವೆ. ಹೆಣ್ಣಿನ ನೋವಿಗೆ ಮಾತ್ರ ಕರ್ಮಸಿದ್ಧಾಂತವನ್ನು ಬಾಗಿಲಿನ ಅಗಳಿಯಂತೆ ಬಳಸುವುದು ಸಿದ್ಧಾಂತಕ್ಕೇ ಅಪಚಾರ.

ಕ್ಷಮೆಯು ದಶಲಕ್ಷಣಧರ್ಮಗಳಲ್ಲಿ ಮೊದಲನೆಯದು, ಸಂದೇಹವಿಲ್ಲ. ಆದರೆ ಪ್ರತೀಕಾರ ಮಾಡುವ ಸಾಮರ್ಥ್ಯವಿದ್ದೂ ಕೋಪವನ್ನು ಉಪಶಮಗೊಳಿಸುವುದು ಕ್ಷಮೆ. ಬೇರೆ ದಾರಿಯೇ ಇಲ್ಲದೆ ಬಾಯಿ ಮುಚ್ಚಿಕೊಂಡಿರುವುದು ಕ್ಷಮೆಯಲ್ಲ. ಅದಲ್ಲದೆ, ಕ್ಷಮಿಸುವುದಕ್ಕೂ ಅದೇ ಮನೆಯಲ್ಲಿ ಅದೇ ಏಟನ್ನು ತಿನ್ನುತ್ತಿರುವುದಕ್ಕೂ ಸಂಬಂಧವಿಲ್ಲ. ದೂರ ಸರಿದು ನಿಂತೂ ದ್ವೇಷವಿಲ್ಲದಿರಬಹುದು. ಗೃಹಸ್ಥನು ಬಿಡಲೇಬೇಕಾದುದು ಸಂಕಲ್ಪೀ ಹಿಂಸೆ. ತನ್ನನ್ನೂ ತನ್ನವರನ್ನೂ ರಕ್ಷಿಸಿಕೊಳ್ಳುವಾಗ ಒದಗುವ ವಿರೋಧೀ ಹಿಂಸೆಯನ್ನು ಅವನು ಸರ್ವಥಾ ಬಿಡಲಾರನೆಂದು ನಮ್ಮ ಶ್ರಾವಕಾಚಾರದ ವಿವರಣೆಗಳು ಒಪ್ಪುತ್ತವೆ. ಕಳ್ಳನನ್ನು ತಡೆಯುವ ಶ್ರಾವಕನಿಗೆ ಇರುವ ಈ ಅವಕಾಶವು, ತನ್ನ ಮಕ್ಕಳನ್ನು ಕಟ್ಟಿಕೊಂಡು ರಕ್ಷಣೆಗಾಗಿ ಬಾಗಿಲು ದಾಟುವ ಶ್ರಾವಿಕೆಗೆ ಇಲ್ಲವೆ? ಆಕೆ ಮಾಡುತ್ತಿರುವುದು ಪ್ರತಿಹಿಂಸೆಯೂ ಅಲ್ಲ, ಹಿಂಸೆಯ ನಿವಾರಣೆ. ಹೊಡೆಯುವವನ ಆತ್ಮವೂ ಕಷಾಯದಿಂದ ಮೊದಲು ತನ್ನನ್ನೇ ಘಾತಿಸಿಕೊಳ್ಳುತ್ತದೆಯೆಂದು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಅಮೃತಚಂದ್ರಸೂರಿಗಳು ಪ್ರತಿಪಾದಿಸಿದ್ದಾರೆ. ಆ ದೃಷ್ಟಿಯಿಂದ ಅವನ ಕೈಯನ್ನು ತಡೆಯುವುದು ಅವನಿಗೂ ಉಪಕಾರವೇ.

ಇಷ್ಟಕ್ಕೂ ದೋಷವು ಹೊಡೆದವನೊಬ್ಬನದೇ ಅಲ್ಲ. ಜಪಮಾಲೆಯ ನೂರೆಂಟು ಮಣಿಗಳ ಅರ್ಥವನ್ನು ಬಾಲ್ಯದಲ್ಲಿಯೇ ಕಲಿತಿರುತ್ತೇವೆ: ಸಂರಂಭ, ಸಮಾರಂಭ, ಆರಂಭ ಎಂಬ ಮೂರು, ಮನ, ವಚನ, ಕಾಯ ಎಂಬ ಮೂರು, ಕೃತ, ಕಾರಿತ, ಅನುಮೋದಿತ ಎಂಬ ಮೂರು, ಕಷಾಯಗಳು ನಾಲ್ಕು. ಇವನ್ನು ಗುಣಿಸಿದರೆ ನೂರೆಂಟು. ಈ ಲೆಕ್ಕದಲ್ಲಿ ತಾನೇ ಮಾಡಿದ್ದಕ್ಕೆ ಮೂವತ್ತಾರು ಮಣಿಗಳಾದರೆ, ಮಾಡಿಸಿದ್ದಕ್ಕೂ ಅನುಮೋದಿಸಿದ್ದಕ್ಕೂ ಸೇರಿ ಎಪ್ಪತ್ತೆರಡು. ‘ಇವಳಿಗೆ ಇಷ್ಟು ಆಗಲೇಬೇಕಿತ್ತು’ ಎಂದು ಮಗನನ್ನು ಎತ್ತಿಕಟ್ಟುವ ಅತ್ತೆಮಾವಂದಿರು ಕಾರಿತದಲ್ಲಿ ಸೇರುತ್ತಾರೆ. ಗೋಡೆಯಾಚೆಯಿಂದ ಬಂದ ಚೀತ್ಕಾರವನ್ನು ಕೇಳಿ ‘ಅವರ ಮನೆಯ ವಿಷಯ’ ಎಂದು ಕಿಟಕಿ ಮುಚ್ಚುವ ನೆರೆಯವರೂ, ಓಡಿಬಂದ ಮಗಳನ್ನು ‘ಮರ್ಯಾದೆ ಹೋಗುತ್ತದೆ’ ಎಂದು ಮರುದಿನವೇ ಬಿಟ್ಟುಬರುವ ತಂದೆತಾಯಿಗಳೂ, ‘ಹೊಂದಿಕೊಂಡು ಹೋಗಮ್ಮ’ ಎಂದು ರಾಜಿ ಮಾಡಿಸಿ ಕಳುಹಿಸುವ ಪಂಚರೂ ಅನುಮೋದನೆಯಿಂದ ಎಷ್ಟು ದೂರದಲ್ಲಿದ್ದಾರೆಂದು ತಾವೇ ಯೋಚಿಸಬೇಕು.

ಮಾಡತಕ್ಕದ್ದೇನು? ಮೊದಲನೆಯದಾಗಿ, ಕಂಡುದನ್ನು ಕಾಣಬೇಕು. ಬಹುಕಾಲ ತರಗತಿಯಲ್ಲಿ ನಿಂತ ಉಪಾಧ್ಯಾಯರಿಗೆ ಇದರ ಗುರುತು ಮಕ್ಕಳಲ್ಲಿಯೇ ಸಿಗುತ್ತದೆ: ಪಾಠದ ನಡುವೆ ನಿದ್ರೆ ಹೋಗುವ, ಕೈಯೆತ್ತಿದೊಡನೆ ಮುಖ ಮುಚ್ಚಿಕೊಳ್ಳುವ, ಸಂಜೆಯ ಗಂಟೆ ಹೊಡೆದರೂ ಮನೆಗೆ ಹೊರಡಲು ಹಿಂಜರಿಯುವ ಮಗು ಮನೆಯ ಕಥೆಯನ್ನು ಹೇಳುತ್ತಿರುತ್ತದೆ. ವ್ರತಗಳನ್ನು ಕೊಡುವ ತ್ಯಾಗಿಗಳೂ ಪಂಡಿತರೂ ಒಂದು ವಿಷಯವನ್ನು ಗಮನಿಸಬೇಕು. ಹೆಣ್ಣುಮಗಳೊಬ್ಬಳು ಇದ್ದಕ್ಕಿದ್ದಂತೆ ಒಂದರ ಮೇಲೊಂದು ಉಪವಾಸಗಳನ್ನು ಕೈಗೊಂಡು ಕೃಶಳಾಗುತ್ತಿದ್ದರೆ, ಅಥವಾ ಪ್ರತಿಯೊಂದು ವ್ರತಕ್ಕೂ ಆಕೆಯ ಬದಲು ಮನೆಯವರೇ ಉತ್ತರ ಕೊಡುತ್ತಿದ್ದರೆ, ಆಕೆಯನ್ನು ಒಬ್ಬ ಹಿರಿಯ ಶ್ರಾವಿಕೆಯ ಮೂಲಕ ಏಕಾಂತದಲ್ಲಿ ವಿಚಾರಿಸುವುದು ಒಳ್ಳೆಯದು: ‘ಮಗಳೆ, ಇದು ನಿನ್ನ ಇಚ್ಛೆಯೆ? ಮನೆಯಲ್ಲಿ ನಿನಗೆ ಭಯವಿದೆಯೆ?’ ಉಪವಾಸದ ಮರೆಯಲ್ಲಿ ಹಸಿವನ್ನೂ, ಮೌನವ್ರತದ ಮರೆಯಲ್ಲಿ ಭಯವನ್ನೂ ಅಡಗಿಸಿಕೊಂಡವರು ಇರಬಹುದು. ಆದರೆ ಈ ಪ್ರಶ್ನೆಯನ್ನು ಗಂಡನ ಎದುರಿನಲ್ಲಿ ಎಂದಿಗೂ ಕೇಳಬಾರದು. ಅವನನ್ನು ಕರೆಸಿ ಗದರಿಸಿ ಕಳುಹಿಸಿದರೆ ಆ ರಾತ್ರಿ ಅದರ ಫಲವನ್ನು ಉಣ್ಣುವವಳು ಆಕೆ. ಆಕೆ ಹೇಳಿದುದನ್ನು ನಂಬಬೇಕು, ಗುಟ್ಟನ್ನು ಕಾಪಾಡಬೇಕು, ನಿರ್ಧಾರವನ್ನು ಆಕೆಗೇ ಬಿಡಬೇಕು. ಮನೆ ಬಿಡುವ ಸಮಯವೇ ಅತ್ಯಂತ ಅಪಾಯದ ಸಮಯವಾಗಬಹುದಾದ್ದರಿಂದ ಅದನ್ನು ಆಲೋಚಿಸಿ, ಸಿದ್ಧತೆಯೊಡನೆ ಮಾಡಿಸಬೇಕು.

ಎರಡನೆಯದಾಗಿ, ಕಾಯಿದೆಯ ದಾರಿಯನ್ನು ತಿಳಿದಿರಬೇಕು. ೨೦೦೫ರ ಅಧಿನಿಯಮದಂತೆ ನೊಂದವಳು ಸಂರಕ್ಷಣಾಧಿಕಾರಿಯ ಮೂಲಕವೋ ನೇರವಾಗಿಯೋ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಸಲ್ಲಿಸಬಹುದು. ಕರ್ನಾಟಕದ ತಾಲ್ಲೂಕುಗಳಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೆ ಈ ಹೊಣೆಯಿದೆ. ಆಕೆಯನ್ನು ಪೀಡಿಸಬಾರದೆಂಬ ಆದೇಶ, ಮನೆಯಿಂದ ಹೊರಹಾಕಬಾರದೆಂಬ ಆದೇಶ, ಜೀವನಕ್ಕೆ ಹಣ, ಮಕ್ಕಳ ತಾತ್ಕಾಲಿಕ ಸುಪರ್ದು ಇವನ್ನು ನ್ಯಾಯಾಲಯವು ಕೊಡಬಹುದು. ಮನೆಯು ಆಕೆಯ ಹೆಸರಿನಲ್ಲಿ ಇರದಿದ್ದರೂ ಅಲ್ಲಿ ವಾಸಿಸುವ ಹಕ್ಕು ಆಕೆಗುಂಟು. ರಕ್ಷಣೆಯ ಆದೇಶವನ್ನು ಮೀರಿದವನಿಗೆ ಒಂದು ವರ್ಷದವರೆಗೆ ಸೆರೆವಾಸ, ಅಥವಾ ೨೦,೦೦೦ ರೂಪಾಯಿಗಳವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಪತಿ ಮತ್ತು ಅವನ ಬಂಧುಗಳ ಕ್ರೌರ್ಯವನ್ನು ಅಪರಾಧವೆಂದು ೧೯೮೩ರಲ್ಲಿ ದಂಡಸಂಹಿತೆಗೆ ಸೇರಿಸಿದ ೪೯೮-ಎ ಪ್ರಕರಣವು, ೨೦೨೪ರ ಜುಲೈ ೧ರಿಂದ ಭಾರತೀಯ ನ್ಯಾಯ ಸಂಹಿತೆಯ ೮೫ ಮತ್ತು ೮೬ನೆಯ ಪ್ರಕರಣಗಳಾಗಿ ಮುಂದುವರಿದಿದೆ. ಮಹಿಳಾ ಸಹಾಯವಾಣಿ ೧೮೧, ತುರ್ತಿನಲ್ಲಿ ೧೧೨: ಈ ಎರಡು ಸಂಖ್ಯೆಗಳನ್ನು ಪ್ರತಿಯೊಂದು ಬಸದಿಯ ಫಲಕದಲ್ಲಿಯೂ, ಮಹಿಳೆಯರು ಸೇರುವ ಕಡೆಯಲ್ಲಿಯೂ ಬರೆದಿಟ್ಟರೆ ಅದೂ ಅಭಯದಾನವೇ. ನಾಲ್ಕು ದಾನಗಳಲ್ಲಿ ಆಹಾರದಾನ, ಔಷಧದಾನ, ಶಾಸ್ತ್ರದಾನಗಳಿಗೆ ನಮ್ಮಲ್ಲಿ ದಾತೃಗಳು ಬೇಕಾದಷ್ಟಿದ್ದಾರೆ. ನಾಲ್ಕನೆಯದಕ್ಕೆ ಮುಂದೆ ಬರುವವರು ಬೇಕಾಗಿದ್ದಾರೆ.

ಕೊನೆಯದಾಗಿ ಗೃಹಸ್ಥರಾದ ಧರ್ಮಬಂಧುಗಳಲ್ಲಿ ಒಂದು ವಿಜ್ಞಾಪನೆ. ಮುಂದಿನ ಅಷ್ಟಮಿಯಂದು ಉಪವಾಸದ ಪ್ರತ್ಯಾಖ್ಯಾನವನ್ನು ಸ್ವೀಕರಿಸಿ ಸಾಮಾಯಿಕಕ್ಕೆ ಕುಳಿತಾಗ, ನಾವು ಬಿಟ್ಟ ಆಹಾರದ ಲೆಕ್ಕದ ಜೊತೆಗೆ ಇನ್ನೊಂದು ಲೆಕ್ಕವನ್ನೂ ಹಾಕೋಣ. ನಾನು ಮನೆಯೊಳಗೆ ಕಾಲಿಟ್ಟಾಗ ಯಾರ ಮಾತು ನಿಲ್ಲುತ್ತದೆ? ಯಾರ ನಗೆ ಮಾಯವಾಗುತ್ತದೆ? ನನ್ನ ಅನುಮತಿಯಿಲ್ಲದೆ ಖರ್ಚುಮಾಡಲು, ಹೊರಗೆ ಹೋಗಲು, ‘ಇಲ್ಲ’ ಎನ್ನಲು ಯಾರು ಅಂಜುತ್ತಾರೆ? ಉತ್ತರವಾಗಿ ಒಂದು ಮುಖವಾದರೂ ನೆನಪಿಗೆ ಬಂದರೆ, ಅಂದಿನ ಉಪವಾಸಕ್ಕಿಂತ ಮೊದಲು ಆಚರಿಸಬೇಕಾದ ವ್ರತವೊಂದು ಬಾಕಿಯಿದೆಯೆಂದು ತಿಳಿಯಬೇಕು.